ಭಾವ ನನ್ನ ದನಿ ಹಿಡಿದು ನಡೆದದ್ದು

ಪೀ— ಮತ್ತೆ ಊದಿದ, ಆ ಸೀಟಿ ಕಿವಿಯೊಳಗೆ ತಂತಿಯ ಹಾಗೆ ಇಳಿಯುತ್ತದೆ, ಬೆಳಗ್ಗೆಯಿಂದ ಎಷ್ಟನೆಯದೋ, ಒಂದು ಸಲ ಊದಿದರೆ ಓಡು, ಇನ್ನೊಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಪಕ್ಕದವನನ್ನು ತಬ್ಬಿಕೋ, ನಾಯಕತ್ವ ಕಲಿಸುತ್ತೇವೆ ಅಂತ ಕರೆತಂದು ಕಲಿಸುತ್ತಿರುವುದು ನಾಯಿಕತ್ವ, ಒಂದೊಂದು ಬಾಲ ಕೊಟ್ಟುಬಿಟ್ಟರೆ ಅಲ್ಲಾಡಿಸಿಕೊಂಡು ಮನೆಗೆ ಹೋಗಬಹುದು, ಅಂಗೈ ಉರಿಯುತ್ತಿದೆ, ಹಗ್ಗಜಗ್ಗಾಟದ ಹಗ್ಗ, ಥೂ, ಹಗ್ಗವಂತೆ, ದಿನಾ ಉಕ್ಕಿನ ಹಗ್ಗ ಹಿಡಿಯುವ ಕೈಗೆ ಹಳದಿ ಪ್ಲಾಸ್ಟಿಕ್ಕು ಕೊಟ್ಟು ಒಗ್ಗಟ್ಟು ಕಲಿಸುತ್ತಾನಂತೆ ಈ ಚಪ್ಪಾಳೆ— ಅವನಿಗೆ ನಾವಿಟ್ಟ ಹೆಸರು ಅದು, ಮಾತಿಗೆ ಮುಂಚೆ ಒಂದು ಸಲ ತಟ್ಟುತ್ತಾನೆ, ಮಾತು ಮುಗಿದ ಮೇಲೆ ನಮ್ಮ ಕೈಲಿ ತಟ್ಟಿಸುತ್ತಾನೆ— ಸೂಪರ್ ಫ್ರೆಂಡ್ಸ್, ಎನರ್ಜಿ ಎಲ್ಲಿ ಹೋಯ್ತು ಎನರ್ಜಿ, ಅನ್ನುತ್ತಾನೆ, ಎಲ್ಲಿಗೆ ಹೋಗುತ್ತದೆ, ಬೆಳಗ್ಗೆ ಆರಕ್ಕೆ ಬಸ್ಸಿಗೆ ತುಂಬಿ ಒಂದು ಬಾಳೆಹಣ್ಣು ಎರಡು ಬಿಸ್ಕತ್ತು ಕೊಟ್ಟು ಈ ಬಯಲಿಗೆ ತಂದು ಸುರಿದಿದ್ದೀರಿ, ಲಿಫ್ಟ್ ರಿಪೇರಿ ಮಾಡುವ ಇಪ್ಪತ್ತು ಗಂಡಸರು, ಆಫೀಸಿನಲ್ಲಿ ಕಂಪ್ಲೇಂಟ್ ಬರೆದುಕೊಳ್ಳುವ ಮೇಡಂ ಒಬ್ಬರು, ಎಲ್ಲರಿಗೂ ಒಂದೇ ಅಳತೆಯ ಕಿತ್ತಳೆ ಬನಿಯನ್ನು, ಭಾವನಿಗೆ— ಅಕ್ಕನ ಗಂಡ, ಕೆಲಸದಲ್ಲಿ ನನ್ನ ಜೋಡಿ— ಹೊಟ್ಟೆಯ ಮೇಲೆಯೇ ನಿಂತಿದೆ, ನನಗೆ ಮಂಡಿಗೆ ಬರುತ್ತಿದೆ, ಇದು ತರಬೇತಿಯಲ್ಲ, ತರತರದ ಭೇದಿ— ಈಗ ಚಪ್ಪಾಳೆ ನೀಲಿ ಬಟ್ಟೆಗಳ ಕಟ್ಟು ಬಿಚ್ಚುತ್ತಿದ್ದಾನೆ, ಕೊನೇ ಚಾಲೆಂಜ್ ಫ್ರೆಂಡ್ಸ್, ನಂಬಿಕೆಯ ನಡಿಗೆ, ಹತ್ತು ಮಾರ್ಕ್ಸ್.

ಹತ್ತು. ಹತ್ತಕ್ಕೆ ಹತ್ತೂ ಬರಬೇಕು ಭಾವನಿಗೆ, ಒಂದು ಕಡಿಮೆಯಾದರೂ ಮುಗಿಯಿತು, ಬಸ್ಸಿನಲ್ಲೇ ಹೇಳಿಬಿಟ್ಟನಲ್ಲ ಓವರ್‌ಲೋಡು— ನಮ್ಮ ಮ್ಯಾನೇಜರು, ಲಿಫ್ಟಿಗೆ ಒಬ್ಬ ಹೆಚ್ಚು ಹತ್ತಿದರೆ ಬಾಗಿಲು ಮುಚ್ಚದೆ ಗುಂಯ್ ಅಂತ ಅರಚುತ್ತದಲ್ಲ, ಅದೇ ದನಿ, ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಪ್ಪಾದ ದನಿ— ಬೇಸಿಕಲಿ ವಿಷಯ ಏನಪ್ಪಾ ಅಂದ್ರೆ, ಮುಂದಿನ ತಿಂಗಳಿಂದ ಜೋಡಿ ಪದ್ಧತಿ ಇಲ್ಲ, ಒಬ್ಬ ಮೆಕ್ಯಾನಿಕ್, ಒಂದು ಬೈಕು, ಒಂದು ಫೋನು, ಬೇಸಿಕಲಿ ಹೋದ, ಮಾಡಿದ, ಬಂದ, ದೊಡ್ಡ ಕೆಲಸಕ್ಕೆ ಅಂತ ನಾಲ್ಕೇ ಜೋಡಿ ಇಟ್ಕೊತೀವಿ, ಆ ಎಂಟು ಜನ ಯಾರು ಅಂತ ಇವತ್ತಿನ ಮಾರ್ಕ್ಸ್ ಹೇಳತ್ತೆ, ಮಿಕ್ಕಿದೋರಿಗೆ ಸೋಮವಾರ ಕಣ್ಣು ಕಿವಿ ಟೆಸ್ಟು, ಪಾಸಾದ್ರೆ ಬೈಕು, ಫೇಲಾದ್ರೆ ಗೋಡೌನು— ಗೋಡೌನು ಅಂದಾಗ ಭಾವ ಕಿಟಕಿಯಾಚೆ ನೋಡುತ್ತಿದ್ದರು, ಕೇಳಿಸಲಿಲ್ಲವೇನೋ ಅಂದುಕೊಂಡೆ, ಅವರ ಎಡಕ್ಕೆ ಕೂತಿದ್ದ ಓವರ್‌ಲೋಡು, ಆ ಕಿವಿ ಸತ್ತು ಎರಡು ವರ್ಷವಾಯಿತು, ಗೊತ್ತಿರುವುದು ನನಗೊಬ್ಬನಿಗೆ, ಅಕ್ಕನಿಗೂ ಗೊತ್ತಿಲ್ಲ, ಕರೆದ್ರೆ ಕಲ್ಲಿನ ಹಾಗೆ ಕೂತಿರ್ತಾರೆ, ನಾಟಕ ಎಲ್ಲಾ, ನಿನ್ನ ಭಾವನಿಗೆ ಊಟಕ್ಕೆ ಕರೆದಿದ್ದು ಮಾತ್ರ ಕೇಳಿಸತ್ತೆ ಅಂತ ಬೈಯುತ್ತಾಳೆ, ಅವಳು ಬಡಿಸುವಾಗ ಬಲಕ್ಕೆ ನಿಂತಿರುತ್ತಾಳೆ ಅಷ್ಟೇ— ಮೂವತ್ತು ವರ್ಷ ಲಿಫ್ಟ್ ಓಡಾಡುವ ಆ ಕತ್ತಲ ಕೊಳವೆಯೊಳಗೆ ಸುತ್ತಿಗೆ ಬಡಿದ ಕಿವಿ, ಜೋಡಿಯಲ್ಲಿದ್ದರೆ ಅದೊಂದು ದೊಡ್ಡ ಮಾತೇ ಅಲ್ಲ, ನಾನು ಬಲಕ್ಕೆ ನಿಲ್ಲುತ್ತೇನೆ, ಮೇಲಿನಿಂದ ಕೂಗಿದರೆ ಎರಡು ಕಿವಿಯೂ ಒಂದೇ, ಆದರೆ ಟೆಸ್ಟ್ ಮಾಡುವವನ ಮುಂದೆ ಕೂರಿಸಿ ಎಡಗಿವಿಗೆ ಕುಂಯ್ ಅನ್ನಿಸಿದರೆ ಏನು ಹೇಳುತ್ತಾರೆ, ಗೋಡೌನಿನಲ್ಲಿ ತಗಡಿನ ಛಾವಣಿಯ ಕೆಳಗೆ ಸ್ಟೂಲಿನ ಮೇಲೆ ಕೂತು ನಟ್ಟು ಬೋಲ್ಟು ಎಣಿಸುತ್ತಾ, ಭಾವ, ನಮ್ಮ ಭಾವ.

ಹೊಂದಾಣಿಕೆ ಕಲಿಸುತ್ತಾರಂತೆ ನಮಗೆ, ನಮಗೆ, ಭಾವ ಲಿಫ್ಟ್ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತಿರುತ್ತಾರೆ, ನಾನು ಕಟ್ಟಡದ ತುತ್ತತುದಿಯಲ್ಲಿ, ಮೋಟಾರು ಇರುವ ಕೋಣೆಯಲ್ಲಿ, ಕೈ ಸ್ವಿಚ್ಚಿನ ಮೇಲೆ, ನನಗೆ ಅವರು ಕಾಣುವುದಿಲ್ಲ, ಅವರಿಗೆ ನಾನು ಕಾಣುವುದಿಲ್ಲ, ಹಗ್ಗ ಇಳಿಯುವ ತೂತಿನಿಂದ ದನಿ ಮಾತ್ರ ಬರುತ್ತದೆ, ಇಳಿಸು ಅನ್ನುತ್ತಾರೆ, ಇಳಿಸ್ತೀನಿ ಅನ್ನುತ್ತೇನೆ, ಅವರು, ನನಗೆ ಕಾಣದಿದ್ದರೂ ಅಭ್ಯಾಸಬಲದಿಂದ ಅಂಗೈ ಎತ್ತಿ, ಇಳಿಸಪ್ಪಾ ಅಂದ ಮೇಲೇ ಗುಂಡಿ ಒತ್ತುವುದು, ಹೇಳಿದ್ದನ್ನು ತಿರುಗಿ ಹೇಳದೆ ಯಾರೂ ಕದಲುವ ಹಾಗಿಲ್ಲ, ಜೋಡಿಯವನ ದನಿ ಬಿಟ್ಟು ಬೇರೆ ಯಾರ ದನಿಗೂ ಕದಲುವ ಹಾಗಿಲ್ಲ, ಕಂಪನಿ ಬರೆದುಕೊಟ್ಟ ನಿಯಮ ಅಲ್ಲ ಇದು, ಭಾವ ಮೊದಲ ದಿನ ಕಿವಿ ಹಿಂಡಿ ಹೇಳಿಕೊಟ್ಟಿದ್ದು, ಡಿಗ್ರಿ ಮಾಡಿದೀಯಾ, ಸಂತೋಷ, ಅದನ್ನ ಕೆಳಗೆ ಬಿಟ್ಟು ಹತ್ತು, ಇಲ್ಲಿ ಎರಡೇ ಪಾಠ, ನನ್ನ ದನಿ, ನಿನ್ನ ದನಿ, ತಿಳೀತಾ ಬಾಮೈದ— ಆ ಹನ್ನೊಂದು ಮಹಡಿಯ ಕಟ್ಟಡ, ಭಾವ ಆರನೆಯದರಲ್ಲಿ ಪೆಟ್ಟಿಗೆಯ ಅಂಚಿನಾಚೆ ತಲೆ ಚಾಚಿ ಬೋಲ್ಟು ಬಿಗಿಯುತ್ತಿದ್ದಾರೆ, ಕೆಳಗೆ ಆ ಕಟ್ಟಡದವರ ಸಂಘದ ಸೆಕ್ರೆಟರಿ ಬಾಗಿಲು ಸರಿಸಿ ಕೂಗುತ್ತಾನೆ, ಏಯ್ ಮೇಲಿನೋನೇ, ಇಳಿಸಯ್ಯಾ ಬೇಗ, ನಮ್ಮತ್ತೆ ಅರ್ಧ ಗಂಟೆಯಿಂದ ನಿಂತಿದಾರೆ, ಮೂರು ಸಲ ಕೂಗಿದ, ಬೈದ, ನಾನು ಕೈಯನ್ನು ಸ್ವಿಚ್ಚಿನಿಂದ ತೆಗೆದು ಜೇಬಿಗೇ ಹಾಕಿಕೊಂಡುಬಿಟ್ಟೆ, ಸಂಜೆ ಟೀ ಕುಡಿಯುವಾಗ ಭಾವ ಅಂದರು, ಅವರತ್ತೆ ಮೆಟ್ಲು ಹತ್ತಿದ್ರೆ ಮಂಡಿ ಹೋಗ್ತಿತ್ತು, ನೀನು ಇಳಿಸಿದ್ರೆ ನನ್ನ ಬುರುಡೆ ಹೋಗ್ತಿತ್ತು, ಮಂಡಿಗೆ ಎಣ್ಣೆ ಹಚ್ಚಬಹುದು— ಅಷ್ಟೇ, ಅದಕ್ಕೆ ಚಪ್ಪಾಳೆ ಇಲ್ಲ, ಮಾರ್ಕ್ಸ್ ಇಲ್ಲ.

ಮಾರ್ಕ್ಸ್ ಹೋಗಿದ್ದೇ ಆ ಅಭ್ಯಾಸದಿಂದ, ಬೆಳಗ್ಗೆ ಮೊದಲನೇ ಆಟ, ನೆಲದ ಮೇಲೊಂದು ಹಲಗೆ, ಇಡೀ ತಂಡ ಅದರ ಮೇಲೆ ನಿಲ್ಲಬೇಕು, ಹತ್ತು ಜನ, ಒಬ್ಬರನ್ನೊಬ್ಬರು ಹಿಡಿದುಕೊಂಡು, ನಾವೆಲ್ಲ ಹತ್ತಿದೆವು, ಭಾವ ಬೆರಳು ಮಡಿಸಿ ಎಣಿಸಿದರು, ಎಂಟು ಜನ, ಐನೂರ ನಲವತ್ನಾಲ್ಕು ಕೇಜಿ, ಅಷ್ಟೇ, ಅಂತ ಹೇಳಿ ಒಂಬತ್ತನೆಯವರಾಗಿದ್ದ ತಾವೂ ಇಳಿದು ಹತ್ತನೆಯವನನ್ನೂ ರಟ್ಟೆ ಹಿಡಿದು ಇಳಿಸಿದರು, ಹಲಗೆ ಸಾರ್ ಇದು, ಲಿಫ್ಟ್ ಅಲ್ಲ ಅಂದ ಚಪ್ಪಾಳೆ, ಹಲಗೆ ಮೇಲೆ ಎಷ್ಟು ಜನ ಅಂತ ಬರ್ದಿಲ್ವಲ್ಲಪ್ಪಾ, ಬರ್ದಿಲ್ದೇ ಇರೋದಕ್ಕೆ ಇನ್ನೂ ಹುಷಾರಾಗಿರ್ಬೇಕು ಅಂದರು ಭಾವ, ನಾಲ್ಕು ಮಾರ್ಕ್ಸ್ ಹೋಯಿತು— ಆಮೇಲೆ ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವ ಆಟ, ಹಿಂದೆ ನಿಂತವರು ಹಿಡಿಯುತ್ತಾರೆ, ನಂಬಿ ಬೀಳಿ ಸಾರ್, ಭಾವ ಬೀಳಲಿಲ್ಲ, ಹಿಡಿಯೋರು ಹಿಡೀತೀನಿ ಅಂತ ಕೂಗ್ಲಿ, ಆಮೇಲೆ ಬೀಳ್ತೀನಿ ಅಂದರು, ಕೂಗಬಾರ್ದು ಸಾರ್, ಮೌನದಲ್ಲೇ ನಂಬ್ಬೇಕು, ಅದೇ ಕಾನ್ಸೆಪ್ಟು, ಮೌನವಾಗಿರೋರನ್ನ ನಂಬಿ ಬೀಳೋಕೆ ನಂಗೇನು ತಲೆ ಕೆಟ್ಟಿದ್ಯಾ ಅಂದರು, ಎಲ್ಲರೂ ನಕ್ಕರು, ಚಪ್ಪಾಳೆ ರಟ್ಟಿನ ಮೇಲಿನ ಹಾಳೆಯಲ್ಲಿ ಸೊನ್ನೆ ಸುತ್ತಿದ, ಸುತ್ತಿದ್ದು ನನಗೆ ಕಾಣಿಸಿತು— ನಾನು ಅವರ ಹಿಂದೆ ನಿಂತಿದ್ದೆ, ಹಿಡೀತೀನಿ ಭಾವ ಅಂತ ಒಂದು ಮಾತು ಕೂಗಬಹುದಿತ್ತು, ಕೂಗಲಿಲ್ಲ, ನಿಯಮ ಮುರಿದರೆ ಇನ್ನೆಷ್ಟು ಹೋಗುತ್ತದೋ ಅಂತ ಲೆಕ್ಕ ಹಾಕುತ್ತಿದ್ದೆ, ಅಕ್ಕ ಬೆಳಗ್ಗೆ ಬಾಗಿಲಲ್ಲಿ ನಿಂತು ಅಂದಿದ್ದು ಅದನ್ನೇ, ಅವರ ಜೊತೆಗೇ ಇರು ಕಣೋ, ಅವರಿಗೆ ಇಂಥದೆಲ್ಲ ಬರಲ್ಲ, ನಿನ್ನ ಕೋತಿ ಆಟ ಒಂದಿನ ಕಟ್ಟಿಡು, ಬಾಯಿ ಮುಚ್ಕೊಂಡಿದ್ದು ಕರ್ಕೊಂಡ್ಬಾ.

ಜೋಡಿ ಅಂದರೆ ನಾವೇ ಜೋಡಿ ಅಂದುಕೊಂಡಿದ್ದೆ ಈ ಕೊನೆಯ ಆಟಕ್ಕೆ, ಕಣ್ಣಿಗೆ ಬಟ್ಟೆ ಕಟ್ಟಿದವನನ್ನು ಜೋಡಿಯವನು ಗೆರೆಯ ಮೇಲೆ ನಿಂತು ಬರೀ ಮಾತಿನಲ್ಲಿ ನಡೆಸಬೇಕು, ಟೈರು, ಕುರ್ಚಿ, ಹಗ್ಗ ಎಲ್ಲ ತಪ್ಪಿಸಿ ಆ ಕೊನೆಯ ಬಾವುಟ ಮುಟ್ಟಿಸಬೇಕು, ನಗು ಬಂತು ನನಗೆ, ಇದು ನಮ್ಮ ದಿನನಿತ್ಯದ ಕೆಲಸ, ಇದರಲ್ಲಿ ಹತ್ತಕ್ಕೆ ಹನ್ನೆರಡು ಕೊಡಬೇಕು ನಮಗೆ— ಚಪ್ಪಾಳೆ ಟೋಪಿಯಲ್ಲಿ ಚೀಟಿ ಹಾಕಿ ಕಲಕಿದ, ದಿನಾ ಜೊತೆಗಿರೋರು ಬೇಡ ಫ್ರೆಂಡ್ಸ್, ಕಂಫರ್ಟಿಂದ ಆಚೆ ಬನ್ನಿ, ನನಗೆ ಕಂಪ್ಲೇಂಟ್ ಮೇಡಂ ಬಂದರು, ಭಾವನಿಗೆ ಬಂದದ್ದು ಓವರ್‌ಲೋಡು, ಮಾರ್ಕ್ಸ್ ನೋಡಿ ಗೋಡೌನಿಗೆ ಕಳಿಸುವವನೇ ಮಾರ್ಗ ತೋರಿಸುತ್ತಾನೆ, ವಾಹ್— ಅದೂ ಗೆರೆ ಇರುವುದು ಬಯಲಿನ ಎಡಗಡೆ, ಉದ್ದಕ್ಕೂ ಎಡಗಡೆ, ನಡೆಯುವವನ ಎಡಗಿವಿಗೇ ಮಾತು, ಭಾವ ಗೆರೆ ನೋಡಿದರು, ನನ್ನ ನೋಡಿದರು, ಬಟ್ಟೆ ಕಟ್ಟಿಸಿಕೊಳ್ಳಲು ತಲೆ ಬಾಗಿಸಿದರು, ಆ ತಲೆ ಬಾಗಿದ್ದು ನೋಡಿ ಇಪ್ಪತ್ತು ಜನರ ಮುಂದೆ ಆ ಟೋಪಿಯನ್ನು ಚಪ್ಪಾಳೆಯ ಬಾಯಿಗೆ ತುರುಕಬೇಕು ಅನ್ನಿಸಿತು.

ನಮ್ಮದು ಬೇಗ ಮುಗಿಯಿತು, ಮೇಡಂ ನನ್ನನ್ನು ಫೋನಿನಲ್ಲಿ ನಡೆಸಿದ ಹಾಗೇ ನಡೆಸಿದರು, ಸ್ವಲ್ಪ ಮುಂದೆ, ಲೈನಲ್ಲಿರಿ, ಈಗ ಬಲಕ್ಕೆ, ಧನ್ಯವಾದ, ಬಟ್ಟೆ ಬಿಚ್ಚಿ ನೋಡಿದರೆ ಭಾವ ಇನ್ನೂ ಮೊದಲನೇ ಟೈರಿನ ಹತ್ತಿರವೇ, ಕಾಲು ಚಾಚಿ ಗಾಳಿ ಸವರುತ್ತಿದ್ದಾರೆ, ಓವರ್‌ಲೋಡು ಗೆರೆಯ ಮೇಲೆ ಕುಣಿಯುತ್ತಿದ್ದಾನೆ, ಬೇಸಿಕಲಿ ಬಲಕ್ಕೆ, ಬಲಕ್ಕೆ ಅಂದ್ನಲ್ರೀ, ಇನ್ನೂ ಮೂರು ಜೋಡಿಗಳು ಕಿರುಚುತ್ತಿವೆ, ಆ ಗಲಾಟೆಯಲ್ಲಿ ಆ ಕಿವಿಗೆ ಏನು ಕೇಳಬೇಕು, ಹಗ್ಗ ಎಡವಿದರು, ಕುರ್ಚಿಗೆ ಮೊಣಕಾಲು ಬಡಿಯಿತು, ಯಾರೋ ಕಿಸಕ್ಕೆಂದರು— ನಾನು ಸುತ್ತಿ ಬಂದು ಬಲಗಡೆ ನಿಂತೆ, ಹತ್ತು ಹೆಜ್ಜೆ ದೂರ, ಬೇರೆಯವರ ದನಿ ಬಂದರೆ ಆಟ ಔಟು ಅಂತ ನಿಯಮ, ಹಾಗಾದರೆ ಬೇರೆಯವರ ದನಿ ಬರಬಾರದು ಅಷ್ಟೇ ತಾನೇ, ಓವರ್‌ಲೋಡಿನ ದನಿಯೇ ಬರಲಿ, ಅದು ನನ್ನ ಮೂಗಿನಲ್ಲಿ ಯಾವಾಗಲೂ ಸಿದ್ಧ, ಹೋದ ವರ್ಷ ಆಫೀಸಿನ ಫೋನಿನಲ್ಲಿ ಅದೇ ದನಿಯಲ್ಲಿ ಎಲ್ಲರಿಗೂ ಮೂರು ಗಂಟೆಗೇ ಮನೆಗೆ ಹೋಗಿ ಅಂದಿದ್ದೆ, ಎಲ್ಲರೂ ಹೋದರು, ಸಾರ್ ಒಬ್ಬರೇ ಉಳಿದರು, ಎಚ್ಚರಿಕೆಯ ಕಾಗದ ಕೊಟ್ಟ ನನಗೆ, ಇನ್ನೊಂದು ಸಲ ನನ್ನ ದನಿ ನಿನ್ನ ಬಾಯಲ್ಲಿ ಬಂದ್ರೆ ನೀನೇ ಮನೆಗೆ, ಆಗಲಿ— ಮೂಗು ಬಿಗಿಹಿಡಿದು ಆ ಬಲಗಿವಿಗೆ ಮುಟ್ಟುವಷ್ಟೇ ಅಂದೆ, ಬೇಸಿಕಲಿ ಎರಡು ಹೆಜ್ಜೆ ಮುಂದೆ.

ಭಾವ ನಿಂತರು, ಬಲಗಿವಿ ಚೂರು ತಿರುಗಿತು, ಅಂಗೈ ಎತ್ತಿದರು, ಎರಡು ಹೆಜ್ಜೆ ಮುಂದೆ, ಬಂದೆ, ಅಂದರು, ಬಂದರು, ಬಲಕ್ಕೆ ಒಂದು, ಬಲಕ್ಕೆ ಒಂದು, ಬಂದೆ, ಕಾಲೆತ್ತಿ ಹಗ್ಗ ಇದೆ, ಕಾಲೆತ್ತಿದೆ, ಆಹಾ ಎಣ್ಣೆ ಹಾಕಿದ ಹಾಗೆ ನಡೆದರು, ಕುರ್ಚಿ ದಾಟಿದರು, ಐದು ಟೈರು ದಾಟಿದರು, ಬಾವುಟ ಎದುರಿಗೇ ಇದೆ, ಹದಿನೈದು ಹೆಜ್ಜೆ, ಅಷ್ಟೇ, ಹದಿನೈದೇ ಹೆಜ್ಜೆ, ನಾನು ಬಾಯಿಯನ್ನು ಅದರ ಪಾಡಿಗೆ ಬಿಟ್ಟಿದ್ದರೆ— ಆಗ ಕೇಳಿಸಿತು, ಗೆರೆಯ ಮೇಲೆ ಓವರ್‌ಲೋಡು ಬನಿಯನ್ನು ಜಗ್ಗಿಕೊಂಡು ಚಪ್ಪಾಳೆಗೆ ಹೇಳುತ್ತಿದ್ದಾನೆ, ನೋಡಿದ್ರಾ, ಇಂಥೋರನ್ನ ಕೂಡ ಹೇಗೆ ನಡೆಸ್ಬೇಕು ಅಂತ, ಮೂವತ್ತು ವರ್ಷ ಸರ್ವೀಸು, ಮಂಡೆ ಖಾಲಿ, ಬೇಸಿಕಲಿ ಲೀಡರ್‌ಶಿಪ್ಪು ಅಂದ್ರೆ ಇದೇ— ಇಂಥೋರು. ಇಂಥೋರು ಅನ್ನುತ್ತೀಯಾ, ನಿನ್ನ ಶಿಪ್ಪನ್ನು ನೀರಿಗೇ ಇಳಿಸುತ್ತೇನೆ ತಾಳು, ಗೆರೆ ಮುಗಿದ ಮೇಲೆ ಬಾವುಟದ ಎಡಕ್ಕೆ ಆ ಕೆಸರು ಹೊಂಡವಿದೆಯಲ್ಲ, ಅದರ ಅಂಚಿನವರೆಗೆ ಕರೆದೊಯ್ದು ನಿಲ್ಲಿಸುತ್ತೇನೆ, ನೀನು ಗೆರೆ ಬಿಟ್ಟು ಅಯ್ಯೋ ಅಯ್ಯೋ ಅಂತ ಓಡಿಬರಬೇಕು, ಇಪ್ಪತ್ತು ಜನ ನೋಡಬೇಕು, ನಿಲ್ಲಿಸಿ ಮತ್ತೆ ಬಾವುಟಕ್ಕೆ ತಿರುಗಿಸಿದರಾಯಿತು, ನನ್ನ ಕೈಲಿದ್ದಾರೆ ಭಾವ, ಏನಾಗುತ್ತದೆ— ಎಡಕ್ಕೆ, ಅಂದೆ, ಮೂಗಿನಲ್ಲಿ, ಇನ್ನೂ ಎಡಕ್ಕೆ, ಹಾಂ ನೇರ.

ಎಡಕ್ಕೆ, ಬಂದೆ, ಅಂದರು ಭಾವ, ಇಲ್ಲಿ ತಡವಾಗಿ ನನ್ನ ತಲೆಗೆ ಹೊಳೆಯುತ್ತದೆ, ಓವರ್‌ಲೋಡು ಹೇಳಿದಾಗ ಒಮ್ಮೆಯೂ ತಿರುಗಿ ಹೇಳಿರಲಿಲ್ಲ, ಅಂಗೈ ಎತ್ತಿರಲಿಲ್ಲ, ಅಂದರೆ ಗೊತ್ತು, ಮೊದಲ ಮಾತಿಗೇ ಗೊತ್ತು, ಮೂಗು ಯಾರದ್ದಾದರೇನು ಉಸಿರು ಯಾರದ್ದು ಅಂತ ಗೊತ್ತು, ತುಟಿಯ ತುದಿಯಲ್ಲಿ ಅದೊಂದು ಸಣ್ಣ ನಗುವಿದೆ, ಬಾಮೈದ ಹೇಳುತ್ತಿದ್ದಾನೆ, ಎಡಕ್ಕೆ ಅಂದರೆ ಎಡಕ್ಕೇ— ಓವರ್‌ಲೋಡು ಬಲಕ್ಕೆ ಬಲಕ್ಕೆ ಅಂತ ಗೆರೆಯ ಮೇಲೆ ಎಗರಾಡುತ್ತಿದ್ದಾನೆ, ಮುಖ ಬದನೆಕಾಯಿ ಬಣ್ಣ, ಮಿಕ್ಕವರು ಆಟ ನಿಲ್ಲಿಸಿ ನೋಡುತ್ತಿದ್ದಾರೆ, ಮೇಡಂ ಅಂಗೈ ಬಾಯಿಗಿಟ್ಟು ಏಯ್ ಸಾಕು ಮಾಡೋ ಅನ್ನುತ್ತಿದ್ದಾರೆ, ಯಾರೋ ಸೀಟಿ ಹೊಡೆದರು, ನಗು ನನ್ನ ಹೊಟ್ಟೆಯಿಂದ ಮೇಲಕ್ಕೆ ನುಗ್ಗಿತು, ಅಂಚಿಗೆ ನಾಲ್ಕು ಹೆಜ್ಜೆ, ಮೂರು, ಈಗ ನಿಲ್ಲಿ ಅನ್ನಬೇಕು, ಬಾಯಿ ತೆರೆದೆ, ನಗು ಬಂತು, ನಿಲ್ಲಿ ಬರಲಿಲ್ಲ, ಎರಡು, ಕಾಲ ಕೆಳಗೆ ನೆಲ ಮೆತ್ತಗಾದದ್ದು ಭಾವನಿಗೆ ತಿಳಿದೇ ತಿಳಿದಿರುತ್ತದೆ, ಮೂವತ್ತು ವರ್ಷ ಕತ್ತಲಲ್ಲಿ ಕಾಲೂರಿದ ಪಾದ ಅದು, ಬೇರೆ ಯಾರೇ ಆಗಿದ್ದರೂ ಅಲ್ಲೇ ನಿಲ್ಲುತ್ತಿದ್ದರು, ಅವರು ನಿಲ್ಲಲಿಲ್ಲ, ನಿಲ್ಲು ಅಂತ ನಾನು ಹೇಳಿರಲಿಲ್ಲ, ನೇರ ಅಂದಿದ್ದೆ, ನೇರ, ಬಂದೆ, ಅಂದರು, ಇನ್ನೊಂದು ಹೆಜ್ಜೆ ಇಟ್ಟರು.

ಜಾರಿದರು, ಮುಳುಗಿದರು, ಎದ್ದರು, ಎದೆಯವರೆಗೆ ಕೆಸರು, ತಲೆಯ ಮೇಲೆ ಪಾಚಿ, ನೀಲಿ ಬಟ್ಟೆ ಇನ್ನೂ ಕಣ್ಣ ಮೇಲೆಯೇ, ಗೊಳ್ಳೆಂದು ನಕ್ಕರು ಎಲ್ಲರೂ, ನಗುವಿನ ಮೇಲೆ ಓವರ್‌ಲೋಡಿನ ಗುಂಯ್, ನಾನು ಬಲಕ್ಕೆ ಅಂದಿದ್ದು, ಎಡಕ್ಕೆ ಅಂದೋನು ಯಾರು, ನನ್ನ ದನಿ ಮಾಡಿದೋನು ಯಾರು, ಅವನ ಕಣ್ಣು ಒಬ್ಬೊಬ್ಬರನ್ನೇ ದಾಟಿ ನನ್ನ ಮೇಲೆ ಬಂದು ನಿಂತಿತು, ನೀನು ತಾನೇ, ಹೇಳೋ, ನೀನು ತಾನೇ— ಅಲ್ಲಾ ಸಾರ್, ಅಂದರು ಭಾವ ಹೊಂಡದಿಂದ, ಯಾವ ದನೀನೂ ಇಲ್ಲ ಸಾರ್, ತಪ್ಪು ನಂದೇ, ನಂಗೆ ಎಡಗಿವಿ ಕೇಳಿಸಲ್ಲ, ಎರಡು ವರ್ಷ ಆಯ್ತು, ತಮಟೆ ಹೊಡೆದ್ರೂ ಕೇಳಿಸಲ್ಲ, ಹೇಳೋಕೆ ನಾಚಿಕೆ ಆಗಿ ಬಾಯಿ ಮುಚ್ಕೊಂಡಿದ್ದೆ, ನೀವು ಏನಂದ್ರೋ ಏನೋ, ನಾನು ನನ್ನಷ್ಟಕ್ಕೆ ಹೋಗಿ ಬಿದ್ದೆ, ಎಂದು ನಕ್ಕರು, ಜೋರಾಗಿ ನಕ್ಕರು, ಅಷ್ಟು ಜನ ನಗುತ್ತಿದ್ದರಲ್ಲ, ಅವರೆಲ್ಲರಿಗಿಂತ ಜೋರಾಗಿ— ಓವರ್‌ಲೋಡಿನ ಬೆರಳು ನನ್ನ ಕಡೆಯಿಂದ ಇಳಿಯಿತು, ಕಿವಿ ಕೇಳಿಸಲ್ವಾ, ಎರಡು ವರ್ಷದಿಂದ, ಅಂತ ಕೇಳಿದ, ಚಪ್ಪಾಳೆ ರಟ್ಟು ಎತ್ತಿಕೊಂಡ, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದ, ಬರೆಯುತ್ತಿದ್ದಾನೆ, ಬರೆದರೆ ಗೋಡೌನು, ಬೇಡ, ಬರೆಯಬೇಡ, ನಾನು ಸಾರ್ ಅಂತ ಬಾಯಿ ತೆರೆದೆ, ನನ್ನದೇ ದನಿ, ಮೂಗಿಲ್ಲದ್ದು, ನಾನು ಸಾರ್ ಮಾಡಿದ್ದು, ಅಂದೆನೋ, ಅನ್ನುವಷ್ಟರಲ್ಲಿ ಹೊಂಡದಿಂದ ನಗು ಎದ್ದು ಬಂತು, ನನ್ನ ಮಾತು ಎಲ್ಲಿತ್ತೋ ಅಲ್ಲಿಗೇ ಸರಿಯಾಗಿ ಬಂದು ಬಿತ್ತು, ಇನ್ನೊಮ್ಮೆ ಅಂದೆ, ಸಾರ್ ಅದು ನಾನು, ಭಾವ ಇನ್ನೂ ಜೋರಾಗಿ ನಕ್ಕರು, ಹೊಟ್ಟೆ ಹಿಡಿದುಕೊಂಡು, ಕೆಮ್ಮುತ್ತಾ, ಅಯ್ಯೋ ಅಮ್ಮಾ ಅನ್ನುತ್ತಾ, ಏನ್ ತಣ್ಣಗಿದೆ ಸಾರ್ ನೀರು, ಬನ್ನಿ ನೀವೂ, ಎಲ್ಲರೂ ಇನ್ನಷ್ಟು ನಕ್ಕರು, ನನ್ನ ಮಾತು ಯಾರಿಗೂ ಕೇಳಲಿಲ್ಲ, ಕೇಳಿಸುವುದು ಭಾವನಿಗೆ ಬೇಕಿರಲಿಲ್ಲ, ಚಪ್ಪಾಳೆ ಹಾಳೆ ಮಗುಚಿದ, ಮತ್ತೆ ಬಾಯಿ ತೆರೆದೆ, ಆ ನೀಲಿ ಬಟ್ಟೆ ನನ್ನ ಕಡೆಗೆ ತಿರುಗಿತು, ನೇರ ನನ್ನ ಕಡೆಗೆ, ಅದರ ಕೆಳಗೆ ಕೆಸರು ಮೆತ್ತಿದ ಹಲ್ಲು, ತೆರೆದ ಬಾಯಿ, ನಗುತ್ತಿದೆ, ನಾನು ತೆರೆದಾಗಲೆಲ್ಲ ಅದೂ ತೆರೆಯುತ್ತದೆ, ನಾನು ಮುಚ್ಚಿದೆ, ಅದು ಮುಚ್ಚಲಿಲ್ಲ, ನೀಲಿ ಬಟ್ಟೆ, ಅದರ ಕೆಳಗೆ ಆ ಬಾಯಿ, ನೀಲಿ ಬಟ್ಟೆ, ಆ ಬಾಯಿ—